ಕೈಚೀಲದ ಕರವೂ ಅನರ್ಥದಂಡ ವಿರತಿಯೂ

ಭೋಗ, ಉಪಭೋಗ ಎಂಬ ಎರಡು ಪದಗಳನ್ನು ನಮ್ಮ ಶ್ರಾವಕಾಚಾರ ಗ್ರಂಥಗಳು ಬಹು ಎಚ್ಚರದಿಂದ ಬೇರ್ಪಡಿಸಿವೆ. ಒಮ್ಮೆ ಅನುಭವಿಸಿ ಬಿಟ್ಟುಬಿಡತಕ್ಕ ವಸ್ತು ಭೋಗ. ಅನ್ನ, ಹೂಮಾಲೆ ಮೊದಲಾದುವು ಈ ವರ್ಗಕ್ಕೆ ಸೇರಿದುವು. ಮತ್ತೆ ಮತ್ತೆ ಅನುಭವಿಸಬಹುದಾದ ವಸ್ತು ಉಪಭೋಗ. ವಸ್ತ್ರ, ಹಾಸಿಗೆ, ಆಭರಣ ಮೊದಲಾದುವು ಈ ವರ್ಗಕ್ಕೆ ಸೇರಿದುವು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಭೇದವನ್ನು ತಿಳಿಸಿ, ಎರಡಕ್ಕೂ ಮಿತಿಯನ್ನು ಗೊತ್ತುಮಾಡಿಕೊಳ್ಳುವುದನ್ನು ಭೋಗೋಪಭೋಗ ಪರಿಮಾಣವೆಂಬ ಗುಣವ್ರತವಾಗಿ ಬೋಧಿಸಿದ್ದಾರೆ. ಅನುಭವಕ್ಕೆ ಯೋಗ್ಯವಾದ ವಸ್ತುವಿಗೇ ಮಿತಿ ಬೇಕೆಂದಮೇಲೆ, ಅನುಭವವೇ ಇಲ್ಲದೆ ಕೈಯಿಂದ ಕೈಗೆ ಸಾಗಿ ಬೀದಿಗೆ ಬೀಳುವ ವಸ್ತುವಿನ ವಿಷಯದಲ್ಲಿ ಹೇಳತಕ್ಕುದೇನಿದೆ?

ಒಂದೆರಡು ತಲೆಮಾರುಗಳ ಹಿಂದಿನವರೆಗೆ ಸಂತೆಗೆ ಹೊರಟ ಗೃಹಸ್ಥನ ಕೈಯಲ್ಲಿ ಬಟ್ಟೆಯ ಚೀಲವಿರುತ್ತಿತ್ತು. ಅದು ಹರಿದರೆ ಹೊಲಿಗೆ ಬೀಳುತ್ತಿತ್ತು. ಹೊಲಿಗೆ ತಾಳದಷ್ಟು ಜೀರ್ಣವಾದರೆ ಒಲೆಯ ಬಳಿಯ ಮಸಿಬಟ್ಟೆಯಾಗುತ್ತಿತ್ತು. ಅದು ಉಪಭೋಗದ ವಸ್ತು. 1960ರ ದಶಕದಲ್ಲಿ ಸ್ವೀಡನ್ ದೇಶದ ಸ್ಟೆನ್ ಗುಸ್ತಾಫ್ ಥುಲಿನ್ ಎಂಬುವರು ಪ್ಲಾಸ್ಟಿಕ್ ಹಾಳೆಯನ್ನು ಮಡಿಸಿ, ಬೆಸೆದು, ಹಿಡಿಕೆ ಕತ್ತರಿಸಿ ಹಗುರವಾದ ಚೀಲವನ್ನು ರೂಪಿಸಿದರು. ತೂಕದಲ್ಲಿ ಹಗುರ, ಬೆಲೆಯಲ್ಲಿ ಅಗ್ಗ, ನೀರಿಗೆ ನೆನೆಯದು. ಇಷ್ಟು ಗುಣಗಳಿದ್ದ ಆ ಚೀಲವು ಕ್ರಮೇಣ ಅಂಗಡಿಗಳಲ್ಲಿ ಬಿಟ್ಟಿಯಾಗಿ ದೊರೆಯತೊಡಗಿತು. ಬಿಟ್ಟಿಯಾದೊಡನೆ ಚೀಲವೆಂಬುದು ಉಪಭೋಗದ ಪಂಕ್ತಿಯಿಂದ ಭೋಗದ ಪಂಕ್ತಿಗೆ ಇಳಿಯಿತು. ವಿಚಿತ್ರವೆಂದರೆ, ಭೋಗದ ವಸ್ತುವಾದ ಅನ್ನ ಒಂದು ದಿನದಲ್ಲಿ ಹಳಸಿ ಮಣ್ಣಾಗುತ್ತದೆ. ಭೋಗದಂತೆ ಬಳಕೆಯಾಗುವ ಈ ಚೀಲ ಮಾತ್ರ ಬಳಸಿದವನ ಆಯುಷ್ಯ ಮುಗಿದಮೇಲೂ ಮಣ್ಣಾಗುವುದಿಲ್ಲ.

ಇದರ ಫಲವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಗೃಹಿಣಿಯು ತರಕಾರಿಯ ಸಿಪ್ಪೆಯನ್ನೂ ಉಳಿದ ಅನ್ನವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ಗಂಟುಬಿಗಿದು ಬೀದಿಯ ಮೂಲೆಯಲ್ಲಿರಿಸುತ್ತಾಳೆ. ಗಾಳಿಯಾಡದ ಆ ತೇವದಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ಹುಟ್ಟಿ ಅಲ್ಲಿಯೇ ಅಳಿಯುತ್ತವೆ. ಅನ್ನದ ವಾಸನೆಯನ್ನರಸಿ ಬಂದ ಹಸುವಿಗೆ ಗಂಟು ಬಿಚ್ಚುವ ಕೈಗಳಿಲ್ಲ. ಅದು ಚೀಲವನ್ನು ಸಹಿತ ನುಂಗುತ್ತದೆ. ಮೆಲುಕುಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸೇರಿದ ಪ್ಲಾಸ್ಟಿಕ್ಕು ಮೆಲುಕಿಗೆ ಮೇಲೆ ಬಾರದು, ಜೀರ್ಣವಾಗಿ ಕೆಳಗೂ ಇಳಿಯದು. ಚೀಲದ ಮೇಲೆ ಚೀಲ ಸೇರಿ ಹೆಣೆದುಕೊಂಡು ಗಟ್ಟಿಯಾದ ಮುದ್ದೆಯಾಗುತ್ತದೆ. ಮೇವಿಗೆ ಎಡೆಯಿಲ್ಲದೆ, ಹೊಟ್ಟೆ ತುಂಬಿದಂತೆ ಕಾಣುತ್ತಿರುವಾಗಲೇ ಆ ಜೀವ ಹಸಿವಿನಿಂದ ಸೊರಗುತ್ತದೆ. ಬೀದಿಯ ದನಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಪಶುವೈದ್ಯರು ಒಂದೊಂದರ ಹೊಟ್ಟೆಯಿಂದ ಹತ್ತಾರು ಕಿಲೋ ತೂಕದ ಪ್ಲಾಸ್ಟಿಕ್ಕನ್ನು ಹೊರತೆಗೆದಿದ್ದಾರೆ.

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಕೈಗೊಳ್ಳುವ ಶ್ರಾವಕನು ಇಲ್ಲಿ ಒಂದು ಗಳಿಗೆ ನಿಂತು ಆಲೋಚಿಸಬೇಕು. ಅವನ ಉಪವಾಸ ಸ್ವೇಚ್ಛೆಯದು, ಕರ್ಮನಿರ್ಜರೆಯನ್ನು ಕೋರಿದುದು, ಮರುದಿನ ಪಾರಣೆಯಿಂದ ಮುಗಿಯುವುದು. ಅವನು ಎಸೆದ ಚೀಲವನ್ನು ನುಂಗಿದ ಹಸುವಿನದೂ ಉಪವಾಸವೇ. ಆದರೆ ಅದು ಅದರ ಇಚ್ಛೆಯದಲ್ಲ, ಮತ್ತು ಆ ಉಪವಾಸಕ್ಕೆ ಪಾರಣೆಯೆಂಬುದಿಲ್ಲ. ಪಾರಣೆಯ ದಿನದ ಕಾಯಿಪಲ್ಲೆಯನ್ನು ತಂದ ಚೀಲವೇ ಮತ್ತೊಂದು ಜೀವದ ಹಸಿವಿಗೆ ಕಾರಣವಾಗುವುದಾದರೆ, ಹಿಂದಿನ ದಿನ ಗಳಿಸಿದ ಪುಣ್ಯದ ಲೆಕ್ಕ ಎಲ್ಲಿಗೆ ಬಂದಿತು?

“ಹಸುವನ್ನು ಕೊಲ್ಲಬೇಕೆಂಬ ಸಂಕಲ್ಪ ಅವನಿಗಿರಲಿಲ್ಲವಷ್ಟೆ” ಎಂದು ಯಾರಾದರೂ ಸಮಾಧಾನ ಹೇಳಬಹುದು. ಜೀವದಯಾಷ್ಟಮಿಯ ನೋಂಪಿಯನ್ನು ಆಚರಿಸುವವರಿಗೆ ಯಶೋಧರನ ಕಥೆ ತಿಳಿದಿದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಆ ಅರಸನು, ಪ್ರಾಣವಿಲ್ಲದ ವಸ್ತುವನ್ನು ಕಡಿದರೂ ಸಂಕಲ್ಪದ ಹಿಂಸೆಯಿಂದಲೇ ಭವಭವಗಳಲ್ಲಿ ತೊಳಲಿದನು. ಅಲ್ಲಿ ಸಂಕಲ್ಪವಿತ್ತು, ಜೀವವಿರಲಿಲ್ಲ. ಇಲ್ಲಿ ಸಂಕಲ್ಪವಿಲ್ಲ, ಆದರೆ ನೋಯುವ ಜೀವ ಇದ್ದೇ ಇದೆ, ಜೊತೆಗೆ ಪ್ರಮಾದವಿದೆ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದಯುಕ್ತವಾದ ಮನೋವಾಕ್ಕಾಯಗಳ ವ್ಯಾಪಾರವನ್ನೇ ಮುಂದಿಟ್ಟಿದ್ದಾರೆ. ಪರಿಣಾಮವನ್ನು ತಿಳಿಯದವನದು ಅಜ್ಞಾನವಾಗಬಹುದು; ತಿಳಿದೂ ಎಚ್ಚರಗೊಳ್ಳದವನದು ಪ್ರಮಾದವಲ್ಲದೆ ಬೇರೇನು?

ಆದುದರಿಂದ ಈ ಪ್ರಶ್ನೆ ಅನರ್ಥದಂಡ ವಿರತಿಯ ವ್ಯಾಪ್ತಿಗೆ ಸೇರುತ್ತದೆ. ಶಾಸ್ತ್ರದಲ್ಲಿ ದಂಡವೆಂದರೆ ಜೀವಗಳಿಗೆ ಪೀಡೆಯುಂಟುಮಾಡುವ ಮನ, ವಚನ, ಕಾಯಗಳ ಪ್ರವೃತ್ತಿ. ಪ್ರಯೋಜನವಿಲ್ಲದೆ ನಡೆಯುವ ಅಂಥ ಪ್ರವೃತ್ತಿ ಅನರ್ಥದಂಡ. ಅದರ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು: ನಿಷ್ಕಾರಣವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು. ಒಂದೇ ಒಂದು ನಿಂಬೆಹಣ್ಣಿಗಾಗಿ ಚೀಲ ಪಡೆದು, ಮನೆ ಸೇರುವ ಮೊದಲೇ ಅದನ್ನು ಬಿಸುಡುವುದು ಇವುಗಳಿಗಿಂತ ಭಿನ್ನವಲ್ಲ. ಅಗತ್ಯಕ್ಕೆ ಮೀರಿ ಭೋಗೋಪಭೋಗ ವಸ್ತುಗಳನ್ನು ಸೇರಿಸುವುದು ಈ ವ್ರತದ ಅತಿಚಾರಗಳಲ್ಲೊಂದೆಂದೂ ಆಚಾರ್ಯರು ಎಚ್ಚರಿಸಿದ್ದಾರೆ.

ವ್ಯವಹಾರದ ಮಾತಿನಲ್ಲಿ ದಂಡವೆಂದರೆ ತೆರಬೇಕಾದ ಹಣ. ಲೋಕದ ಕೆಲವು ಸರಕಾರಗಳು ಈ ಎರಡನೆಯ ದಂಡದಿಂದ ಮೊದಲನೆಯದನ್ನು ತಡೆಯಲು ಯತ್ನಿಸಿವೆ. ಇವುಗಳಲ್ಲಿ ಐರ್ಲೆಂಡ್ ದೇಶದ ಅನುಭವ ಮನನಯೋಗ್ಯವಾದುದು. ಅಲ್ಲಿಯ ಸರಕಾರ 2002ರ ಮಾರ್ಚ್ 4ರಿಂದ ಅಂಗಡಿಯಲ್ಲಿ ಕೊಡುವ ಪ್ರತಿಯೊಂದು ಪ್ಲಾಸ್ಟಿಕ್ ಕೈಚೀಲಕ್ಕೂ 15 ಸೆಂಟುಗಳ ಕರವನ್ನು ವಿಧಿಸಿತು. ಅಂಗಡಿಯವನು ಅದನ್ನು ತಾನು ಭರಿಸದೆ ಕೊಳ್ಳುವವನಿಂದಲೇ ಪಡೆಯಬೇಕೆಂದು ನಿಯಮವಿತ್ತು. ಬಂದ ಹಣ ಪರಿಸರದ ಕಾರ್ಯಗಳಿಗೆ ಮೀಸಲಾದ ನಿಧಿಗೆ ಸಲ್ಲುತ್ತಿತ್ತು. ಅದಕ್ಕೆ ಮೊದಲು ಆ ದೇಶದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 328 ಚೀಲಗಳು ಬಳಕೆಯಾಗುತ್ತಿದ್ದುವೆಂದು ಅಂದಾಜು. ಕರ ಬಂದಮೇಲೆ ಆ ಸಂಖ್ಯೆ 21ಕ್ಕೆ ಇಳಿಯಿತು. ಬೀದಿಯ ಕಸದಲ್ಲಿ ಶೇಕಡಾ 5ರಷ್ಟಿದ್ದ ಕೈಚೀಲಗಳ ಪಾಲು ಶೇಕಡಾ 1ಕ್ಕಿಂತಲೂ ಕಡಿಮೆಯಾಯಿತು.

ಹದಿನೈದು ಸೆಂಟುಗಳು ಆ ದೇಶದವರಿಗೆ ದೊಡ್ಡ ಮೊತ್ತವಲ್ಲ. ಹಾಗಿದ್ದರೂ ಇಷ್ಟು ಬದಲಾವಣೆ ಹೇಗೆ ಆಯಿತು? ಹಣದ ಭಾರಕ್ಕಿಂತ ಮಿಗಿಲಾಗಿ, “ಚೀಲ ಬೇಕೇ?” ಎಂಬ ಪ್ರಶ್ನೆ ಕೆಲಸ ಮಾಡಿತು. ಮೊದಲು ಕೇಳದೆಯೇ ಕೈಗೆ ಬರುತ್ತಿದ್ದ ವಸ್ತುವನ್ನು ಈಗ ಬಾಯಿತೆರೆದು ಬೇಡಬೇಕಾಯಿತು. ಬೇಡುವ ಮುನ್ನ ಬೇಕೋ ಬೇಡವೋ ಎಂದು ಯೋಚಿಸಬೇಕಾಯಿತು. ಪ್ರತ್ಯಾಖ್ಯಾನವೂ ಶ್ರಾವಕನಿಗೆ ಮಾಡುವ ಉಪಕಾರ ಇದೇ. ಪ್ರತ್ಯಾಖ್ಯಾನ ಕೈಗೊಂಡವನ ಕೈ ವಸ್ತುವಿನ ಕಡೆಗೆ ಚಾಚುವ ಮೊದಲು ಮನಸ್ಸು ಒಮ್ಮೆ ತಡೆದು ಕೇಳುತ್ತದೆ. ಅಲ್ಲದೆ, ಈ ಕರ ಬಡವನನ್ನು ಪೀಡಿಸುವುದೆಂಬ ಆಕ್ಷೇಪಕ್ಕೂ ಉತ್ತರವಿದೆ. ಮನೆಯಿಂದ ಚೀಲ ತಂದವನು, ಬಡವನಾಗಲಿ ಧನಿಕನಾಗಲಿ, ಒಂದು ಕಾಸನ್ನೂ ತೆರಬೇಕಾಗಿಲ್ಲ. ಯಾರೂ ತೆರದಿದ್ದಾಗಲೇ ಸಫಲವಾಗುವ ಕರ ಇದು.

ಆದರೆ ಕರಕ್ಕೆ ಒಂದು ಮಿತಿಯೂ ಇದೆ. ಐರ್ಲೆಂಡಿನಲ್ಲಿಯೇ ಜನರು 15 ಸೆಂಟುಗಳಿಗೆ ಒಗ್ಗಿಕೊಂಡಂತೆ ಬಳಕೆ ಮೆಲ್ಲನೆ ಏರಿತು. 2006ರಲ್ಲಿ ತಲೆಗೆ 30ನ್ನು ಮೀರಿತು. 2007ರ ಜುಲೈ 1ರಿಂದ ಕರವನ್ನು 22 ಸೆಂಟುಗಳಿಗೆ ಏರಿಸಬೇಕಾಯಿತು. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರಿನಿಂದ ದೊಡ್ಡ ಅಂಗಡಿಗಳು ಚೀಲಕ್ಕೆ 5 ಪೆನ್ಸ್ ಪಡೆಯತೊಡಗಿ, 2021ರ ಮೇ ತಿಂಗಳಲ್ಲಿ ಅದು 10 ಪೆನ್ಸ್ ಆಗಿ ಎಲ್ಲ ಅಂಗಡಿಗಳಿಗೂ ವಿಸ್ತರಿಸಿತು. ತೆಳುವಾದ ಚೀಲಗಳು ಬಹುಮಟ್ಟಿಗೆ ಕಡಿಮೆಯಾದುವು. ಆದರೆ ಬಾಳಿಕೆಯ ಚೀಲವೆಂದು ಮಾರಿದ ದಪ್ಪ ಪ್ಲಾಸ್ಟಿಕ್ ಚೀಲಗಳನ್ನೇ ಅನೇಕರು ಪ್ರತಿಸಲವೂ ಹೊಸದಾಗಿ ಕೊಂಡು ಬಿಸುಟರು. ಹಣ ತೆತ್ತವನಿಗೆ ತಪ್ಪು ತೀರಿತೆಂಬ ಸಮಾಧಾನ ಬಂದುಬಿಡುತ್ತದೆ. ಕರವು ಕೈಯನ್ನು ತಡೆಯಬಲ್ಲುದು. ಮನಸ್ಸನ್ನು ತಿದ್ದುವುದು ವ್ರತಕ್ಕೆ ಮಾತ್ರ ಸಾಧ್ಯ.

ನಮ್ಮ ದೇಶದಲ್ಲಿಯೂ ಕಾನೂನು ಬಂದಿಲ್ಲವೆಂದಲ್ಲ. ಅಂಗಡಿಯವರು ಪ್ಲಾಸ್ಟಿಕ್ ಕೈಚೀಲವನ್ನು ಉಚಿತವಾಗಿ ಕೊಡಕೂಡದೆಂದು 2011ರ ಕೇಂದ್ರ ನಿಯಮಗಳು ವಿಧಿಸಿದುವು. 2016ರ ನಿಯಮಗಳು, ಚೀಲ ಕೊಡಬಯಸುವ ವ್ಯಾಪಾರಿಯು ಸ್ಥಳೀಯ ಸಂಸ್ಥೆಗೆ ತಿಂಗಳಿಗೆ ಕನಿಷ್ಠ 4000 ರೂಪಾಯಿಗಳಂತೆ ತೆರಬೇಕೆಂದುವು. 2018ರಲ್ಲಿ ಆ ವಿಧಿಯನ್ನು ಕೈಬಿಡಲಾಯಿತು. ಕರ್ನಾಟಕ ಸರಕಾರ 2016ರ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನೇ ನಿಷೇಧಿಸಿತು. 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಚೀಲಗಳು ದೇಶದಾದ್ಯಂತ ನಿಷಿದ್ಧವಾದುವು. ಇಷ್ಟಾದರೂ ಸಂತೆಯ ಮೂಲೆಯಲ್ಲಿ ತೆಳುವಾದ ಚೀಲ ಕಾಣದೆ ಇಲ್ಲ. ಕೇಳುವ ಕೈ ಇರುವವರೆಗೆ ಕೊಡುವ ಕೈಯೂ ಇರುತ್ತದೆ. ಚೀಲವಿಲ್ಲವೆಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುವನೆಂಬ ಭಯದಿಂದ ಬಡ ವ್ಯಾಪಾರಿ ಕಾನೂನನ್ನು ಮೀರುತ್ತಾನೆ. ಆ ಮೀರುವಿಕೆಯಲ್ಲಿ ಕೇಳಿದವನಿಗೂ ಪಾಲುಂಟು; ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಿಂದಲೂ ಕರ್ಮಾಸ್ರವವಾಗುವುದೆಂಬುದು ಜೈನರಿಗೆ ಹೊಸ ಮಾತಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಈ ವಿವೇಕ ಬೇಕಾಗಿರುವುದು ಧರ್ಮಕಾರ್ಯಗಳಲ್ಲಿ. ನೋಂಪಿಯ ಉದ್ಯಾಪನೆಯಂದು ಶ್ರಾವಿಕೆಯೊಬ್ಬಳು ವರ್ಷಗಳ ವ್ರತವನ್ನು ಮುಗಿಸಿ ಸಂತೋಷದಿಂದ ಪ್ರಭಾವನೆ ಹಂಚುತ್ತಾಳೆ. ಆ ಫಲ, ಸಿಹಿತಿಂಡಿಗಳು ಪ್ಲಾಸ್ಟಿಕ್ಕಿನಲ್ಲಿದ್ದರೆ ಬಸದಿಯ ಪ್ರಾಕಾರದ ಹೊರಗೆ ಸಂಜೆಗೆ ಬೀಳುವ ರಾಶಿಯೂ ಆ ಉದ್ಯಾಪನೆಯ ಭಾಗವೇ ಆಗುತ್ತದೆ. ಮುನಿಗಳು ಮಲಮೂತ್ರಾದಿಗಳನ್ನು ವಿಸರ್ಜಿಸುವಾಗಲೂ ಜೀವರಹಿತವಾದ ನೆಲವನ್ನು ನೋಡಿಕೊಳ್ಳುವ ಪ್ರತಿಷ್ಠಾಪನ ಸಮಿತಿಯನ್ನು ಪಾಲಿಸುತ್ತಾರೆ. ಅಂಥ ಮುನಿಗಳ ಚರಣಕ್ಕೆರಗಿ ಬಂದ ಗೃಹಸ್ಥನು ಏನನ್ನು ಎಲ್ಲಿ ಬಿಸುಡುತ್ತಿದ್ದೇನೆಂದು ನೋಡದಿರುವುದು ಶೋಭಿಸದು.

ಹಾಗೆಂದು ಬಟ್ಟೆಯ ಚೀಲವೊಂದನ್ನು ಕೊಂಡಮಾತ್ರಕ್ಕೆ ವ್ರತ ಸಾಂಗವಾಗದು. ಹತ್ತಿ ಬೆಳೆಯಲು ನೀರು ಬೇಕು, ನೇಯಲು ಶಕ್ತಿ ಬೇಕು; ಅವೆರಡರಲ್ಲಿಯೂ ಆರಂಭಹಿಂಸೆ ತಪ್ಪಿದ್ದಲ್ಲ. ಹೊಸ ಹತ್ತಿಚೀಲವನ್ನು 131 ಸಲವಾದರೂ ಬಳಸಿದರೆ ಮಾತ್ರ, ಹವೆಯನ್ನು ಬಿಸಿಯಾಗಿಸುವ ದೋಷದಲ್ಲಿ ಅದು ಒಮ್ಮೆ ಬಳಸಿ ಎಸೆಯುವ ತೆಳುಚೀಲಕ್ಕೆ ಸರಿದೂಗುವುದೆಂದು ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಗಣಿಸಿ ಹೇಳಿತು. ಆದುದರಿಂದ ಸಮಾರಂಭಗಳಲ್ಲಿ ದೊರೆತ ಬಟ್ಟೆಚೀಲಗಳನ್ನು ಕಪಾಟಿನಲ್ಲಿ ಒಟ್ಟುವುದೂ ಪರಿಗ್ರಹವೇ. ಹಳೆಯ ಸೀರೆಯ ತುಂಡಿನಿಂದ ಹೊಲಿದ ಎರಡು ಚೀಲಗಳು ಒಂದು ಸಂಸಾರಕ್ಕೆ ಬಹುಕಾಲ ಸಾಕು. ಮಿತಿಯೇ ವ್ರತದ ಪ್ರಾಣ.

ಕಾಲಮಿತಿಯುಳ್ಳ ತ್ಯಾಗ ನಿಯಮ. ಜೀವಾವಧಿಯ ತ್ಯಾಗ ಯಮ ಎಂದು ಸಮಂತಭದ್ರರು ಎರಡು ದಾರಿಗಳನ್ನು ತೋರಿಸಿದ್ದಾರೆ. ಶಕ್ತಿಯನ್ನರಿತು ಶ್ರಾವಕನು ಮೊದಲು ಚಾತುರ್ಮಾಸದ ನಾಲ್ಕು ತಿಂಗಳುಗಳಿಗೆ ನಿಯಮ ಹಿಡಿಯಬಹುದು. ಅದರ ಸ್ವರೂಪ ಇಷ್ಟೆ: ಮನೆಯಿಂದ ಹೊರಡುವಾಗ ಚೀಲ ಜೊತೆಯಲ್ಲಿರಲಿ. ಅಡಿಗೆಮನೆಯ ಹಸಿಕಸ ಪ್ಲಾಸ್ಟಿಕ್ಕಿನ ಗಂಟಾಗದೆ ಬೇರೆಯಾಗಿಯೇ ಹೋಗಲಿ, ಇಲ್ಲವೆ ಹಿತ್ತಿಲಿನ ಗೊಬ್ಬರವಾಗಲಿ. ಪ್ರಭಾವನೆ ಕಾಗದದಲ್ಲಿಯೋ ಎಲೆಯಲ್ಲಿಯೋ ನಡೆಯಲಿ. ಮರೆವಿನಿಂದ ನಿಯಮ ತಪ್ಪಿ ಚೀಲ ಕೈಗೆ ಬಂದರೆ, ಸಂಜೆಯ ಪ್ರತಿಕ್ರಮಣದಲ್ಲಿ ಅದನ್ನು ಸ್ಮರಿಸಿ, ಮರುದಿನ ಒಂದು ರಸವನ್ನು ತ್ಯಜಿಸಲಿ. ಚೀಲವೊಂದಕ್ಕೆ ಹತ್ತು ರೂಪಾಯಿಯಂತೆ ಗೋಶಾಲೆಗೆ ಮುಡಿಪಿಡಲಿ.

ಈ ಹತ್ತು ರೂಪಾಯಿಯೂ ಕರವೇ. ಆದರೆ ಇದನ್ನು ವಿಧಿಸಿದವನೂ ತೆರುವವನೂ ಒಬ್ಬನೇ. ತಪಾಸಣೆಗೆ ಅಧಿಕಾರಿ ಬರುವುದಿಲ್ಲ, ತಪ್ಪಿಸಿಕೊಳ್ಳಲು ಪಕ್ಕದ ಅಂಗಡಿಯೂ ಇಲ್ಲ. ರಾಜ್ಯವು ವಿಧಿಸಿದ ದಂಡಕ್ಕೆ ಅಂಜಿ ಬಿಟ್ಟ ವಸ್ತು, ದಂಡ ಸಡಿಲವಾದೊಡನೆ ಮರಳಿ ಬರುತ್ತದೆ. ಜೀವದಯೆಯಿಂದ ಬಿಟ್ಟ ವಸ್ತು ಮರಳಿ ಬರುವುದಿಲ್ಲ. ಮುಂದಿನ ಅಷ್ಟಮಿಯ ಮರುದಿನ ಪಾರಣೆಯ ಕಾಯಿಪಲ್ಲೆ ತರಹೊರಟವನ ಕೈಯಲ್ಲಿ ಬಟ್ಟೆಯ ಚೀಲವಿದ್ದರೆ, ಆ ಉಪವಾಸ ಅಂದಿಗೆ ಪೂರ್ಣವಾಯಿತೆಂದು ತಿಳಿಯತಕ್ಕುದು.