ಅನ್ಯಲೋಕದವರ ವಿಷಯವಾದ ಒಂದು ಪ್ರಶ್ನೆ



ದೂರದ ಗ್ರಹವೊಂದರ ಚಿತ್ರವನ್ನು ಕಂಡ ನಮ್ಮ ಸಭೆಯ ಯೌವನಸ್ಥನೊಬ್ಬನು ನಮ್ಮ ಬಳಿಗೆ ಬಂದು, "ಅಯ್ಯನವರೇ, ಅಲ್ಲಿ ಬುದ್ಧಿಯುಳ್ಳ ಜೀವಿಗಳಿದ್ದರೆ ಕರ್ತನು ಅವರಿಗಾಗಿಯೂ ಸತ್ತನೋ? ಇಲ್ಲವಾದರೆ ಅವರ ಗತಿ ಏನು?" ಎಂದು ಕೇಳಿದನು. ಇದನ್ನು ನಕ್ಕು ತಳ್ಳಿಬಿಡಲು ನಮ್ಮಿಂದಾಗಲಿಲ್ಲ. ಲೋಕಗಳು ಅಸಂಖ್ಯಾತವಾದರೆ ಈ ಚಿಕ್ಕ ಭೂಮಿಯ ಮೇಲೆ ನೆಡಲ್ಪಟ್ಟ ಶಿಲುಬೆಯು ಅಲ್ಪವಾದೀತೆಂಬ ಭಯವು ಅದರೊಳಗೆ ಅಡಗಿತ್ತು.

ಮೊದಲು ಆ ಚಿತ್ರದ ಸಂಗತಿಯನ್ನು ವಿಚಾರಿಸೋಣ. ನಮ್ಮ ಸೂರ್ಯನಿಗೆ ಅತಿ ಸಮೀಪವಾದ ನಕ್ಷತ್ರವು ಪ್ರಾಕ್ಸಿಮಾ ಸೆಂಟಾರಿ ಎಂಬದು. ಅದರ ಬೆಳಕು ನಮ್ಮನ್ನು ಮುಟ್ಟುವದಕ್ಕೆ ನಾಲ್ಕು ವರುಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಅದನ್ನು ಸುತ್ತುವ ಗ್ರಹವೊಂದು ಉಂಟೆಂದು ಖಗೋಲಶಾಸ್ತ್ರಿಗಳು 2016ರಲ್ಲಿ ಪ್ರಕಟಿಸಿದರು. ಆದರೆ ಅವರು ಆ ಗ್ರಹವನ್ನು ಕಣ್ಣಾರೆ ಕಂಡವರಲ್ಲ. ಚಿಲಿ ದೇಶದ ಬೆಟ್ಟದ ಮೇಲಣ ದುರ್ಬೀನಿನಿಂದ ನಕ್ಷತ್ರದ ಬೆಳಕನ್ನು ಪರೀಕ್ಷಿಸಿ, ಅದು ಸುಮಾರು 11 ದಿವಸಗಳಿಗೊಮ್ಮೆ ತುಸು ಓಲಾಡುವದನ್ನು ಅಳೆದು, ಯಾವದೋ ಗ್ರಹವು ಅದನ್ನು ಎಳೆಯುತ್ತಿರಬೇಕೆಂದು ತಿಳುಕೊಂಡರು. ಗ್ರಹದ ತೂಕವು ಭೂಮಿಯದಕ್ಕಿಂತ ಕಡಿಮೆಯಿರಲಾರದು. ಅಲ್ಲಿ ನೀರು ನಿಲ್ಲುವಷ್ಟು ಹದವಾದ ಶಾಖವಿರಬಹುದು. ನಕ್ಷತ್ರವು ಆಗಾಗ ಉಗ್ರವಾದ ಜ್ವಾಲೆಗಳನ್ನು ಕಾರುವದರಿಂದ, ಗಾಳಿಯೆಲ್ಲಾ ಹಾರಿಹೋಗಿರಲೂಬಹುದು. ಒಂದು ಮಗ್ಗುಲಲ್ಲಿ ನಿತ್ಯವಾದ ಹಗಲು, ಇನ್ನೊಂದರಲ್ಲಿ ನಿತ್ಯವಾದ ಇರುಳು ಎಂಬದು ವಿದ್ವಾಂಸರ ತರ್ಕ. ನಡುವಣ ಮುಚ್ಚಂಜೆಯ ಕಡಲತೀರದಲ್ಲಿ ವಾಸಿಸುವ ಜನರೋ, ಚಿತ್ರಗಾರನ ಊಹೆಯೇ. ಊಹಿಸುವದು ಪಾಪವಲ್ಲ. ಊಹಿಸಿದ್ದನ್ನು ಕಂಡದ್ದೆಂದು ಹೇಳುವದು ಸುಳ್ಳುಸಾಕ್ಷಿಗೆ ದೂರವಲ್ಲ.

ಆದಾಗ್ಯೂ ಪ್ರಶ್ನೆಯು ನಿಂತೇ ಇದೆ. ಲೂಥರನ ಜೊತೆಗೆಲಸದವನಾದ ಮೆಲಾಂಕ್ತನನು, ಕ್ರಿಸ್ತನು ಒಂದೇ ಸಾರಿ ಸತ್ತು ಎದ್ದನಾದಕಾರಣ ಬೇರೆ ಲೋಕಗಳಿರಲಾರವೆಂದು 1549ರಲ್ಲಿ ವಾದಿಸಿದನು. ಆ ಭಕ್ತನ ಮೇಲೆ ನಮಗೆ ಗೌರವವುಂಟು. ಆದರೂ ದೇವರ ಕೈಕೆಲಸಕ್ಕೆ ಹೀಗೆ ಬೇಲಿ ಹಾಕುವದಕ್ಕೆ ಅಂಜುತ್ತೇವೆ. ಯಾಕಂದರೆ ಅದಕ್ಕಿಂತ ಬಹು ಮುಂಚೆ ಆಗಸ್ಟಿನನು, ಆದಾಮನ ಸಂತತಿಯು ಅಷ್ಟು ದೊಡ್ಡ ಸಮುದ್ರವನ್ನು ದಾಟಿ ಹೋಗಿರಲಾರದೆಂದು ಹೇಳಿ, ಭೂಮಿಯ ಆಚೇ ಮಗ್ಗುಲಲ್ಲಿ ಮನುಷ್ಯರಿರುವರೆಂಬದನ್ನು ನಂಬದೆಹೋದನು. ಆದರೆ ಅಲ್ಲಿ ಮನುಷ್ಯರಿದ್ದರು. ಸುವಾರ್ತೆಯೂ ಅವರ ಬಳಿಗೆ ಹೋಯಿತು. 1834ರಲ್ಲಿ ಬಾಸೆಲಿನ ಮಿಶನರಿಗಳು ಮಂಗಳೂರಿನಲ್ಲಿ ಬಂದಿಳಿದಾಗ, ನಮ್ಮ ಹಿರಿಯರೂ ಆ ಬಾಸೆಲಿನ ಸಭೆಯವರಿಗೆ ಮುಖವರಿಯದ ದೂರದವರೇ ಆಗಿದ್ದರಷ್ಟೆ. ನಮ್ಮವರು ಮೇಜಿಗೆ ಬಂದು ಕೂತದ್ದರಿಂದ ಬಾಸೆಲಿನವರ ಪಾಲಿನ ರೊಟ್ಟಿಯು ಕಿರಿದಾಯಿತೋ?

ಇನ್ನೊಂದು ಮಾತು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿದ ಕುರುಬನ ಸಾಮ್ಯವನ್ನು ಓದುವಾಗ, ತಪ್ಪಿಹೋಗದ ಆ ಕುರಿಗಳನ್ನು ನಾವು ನೆನಸುವದೇ ಇಲ್ಲ. ಅನ್ಯಲೋಕದವರಿದ್ದರೆ ಅವರೆಲ್ಲರೂ ನಮ್ಮ ಹಾಗೆ ಬಿದ್ದವರೆಂದು ಯಾಕೆ ಎಣಿಸಬೇಕು? ಒಂದು ವೇಳೆ ದಾರಿತಪ್ಪಿದ ಕುರಿ ಈ ಭೂಮಿಯೊಂದೇ ಆಗಿರಬಹುದು. ಹಾಗಾದರೆ ನಮ್ಮ ಭೂಮಿಯಲ್ಲಿ ಶಿಲುಬೆ ನಿಂತದ್ದು ಹೆಚ್ಚಳಪಡುವ ಸಂಗತಿಯಲ್ಲ, ತಲೆತಗ್ಗಿಸುವ ಸಂಗತಿಯೇ ಸರಿ.

ಮೇ ತಿಂಗಳ ಒಂದು ರಾತ್ರಿ, ದಕ್ಷಿಣ ದಿಕ್ಕಿನಲ್ಲಿ ತಗ್ಗಾಗಿ ಹೊಳೆಯುವ ಆಲ್ಫಾ ಸೆಂಟಾರಿ ಎಂಬ ನಕ್ಷತ್ರವನ್ನು ಆ ಯೌವನಸ್ಥನಿಗೆ ತೋರಿಸಿದೆವು. ಪ್ರಾಕ್ಸಿಮಾ ಅದರ ಸಮೀಪದಲ್ಲಿಯೇ ಉಂಟು, ಬರಿಗಣ್ಣಿಗೆ ಕಾಣುವದಿಲ್ಲ. ಅವನು ಬಹಳ ಹೊತ್ತು ನೋಡಿ, "ಅಯ್ಯನವರೇ, ಅಲ್ಲಿ ಯಾರಾದರೂ ಇದ್ದರೆ ಅವರಿಗಾಗಿ ಪ್ರಾರ್ಥನೆ ಮಾಡಬಹುದೋ?" ಎಂದು ಕೇಳಿದನು. ಮಾಡಬಾರದೆಂದು ಹೇಳುವದಕ್ಕೆ ನಮಗೆ ಯಾವ ಕಾರಣವೂ ತೋಚಲಿಲ್ಲ.