ಸಮಗ್ರ ಚಿಕಿತ್ಸೆಯೂ ವೈದ್ಯಧರ್ಮವೂ

ಶರೀರವನ್ನು ತುಚ್ಛವೆಂದು ಬಗೆದು ಆತ್ಮವನ್ನು ಮಾತ್ರ ಕೊಂಡಾಡುವ ಧರ್ಮ ನಮ್ಮದಲ್ಲ. ಅಂಗವು ಲಿಂಗಕ್ಕೆ ನೆಲೆ. ಆ ನೆಲೆಯು ಕುಸಿದರೆ ಪೂಜೆಯೂ ಇಲ್ಲ, ಕಾಯಕವೂ ಇಲ್ಲ, ದಾಸೋಹವೂ ಇಲ್ಲ. ಆದುದರಿಂದಲೇ ರೋಗಿಯ ಅಂಗವನ್ನು ಕಾಪಾಡುವ ವೈದ್ಯನ ಕೆಲಸವು ಶರಣರ ದೃಷ್ಟಿಯಲ್ಲಿ ಪೂಜೆಗೆ ತೀರ ಸಮೀಪವಾದುದು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಅಂಬಿಗರು, ಮಡಿವಾಳರು, ನೇಕಾರರು ಇದ್ದಂತೆ ವೈದ್ಯ ಸಂಗಣ್ಣನೂ ಇದ್ದನು. ರೋಗ, ನಿದಾನ, ಔಷಧಗಳ ಮಾತಿನಲ್ಲಿಯೇ ಆತನು ಭವರೋಗದ ವಿಚಾರವನ್ನೂ ಹೇಳಿದನು. ವೈದ್ಯವೃತ್ತಿಗೂ ಅಧ್ಯಾತ್ಮಕ್ಕೂ ನಡುವೆ ಗೋಡೆ ಇರಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ‘ಸಮಗ್ರ ಚಿಕಿತ್ಸಾಲಯ’, ‘ಸಮನ್ವಯ ಚಿಕಿತ್ಸಾ ಕೇಂದ್ರ’ ಎಂಬ ಫಲಕಗಳು ಕಾಣಿಸತೊಡಗಿವೆ. ಒಂದೇ ಸೂರಿನ ಕೆಳಗೆ ಅಲೋಪಥಿಯ ಡಾಕ್ಟರು, ಆಯುರ್ವೇದ ವೈದ್ಯರು, ಯೋಗ ಹಾಗೂ ನಿಸರ್ಗ ಚಿಕಿತ್ಸೆಯವರು, ಆಹಾರತಜ್ಞರು, ಮನಸ್ಸಿನ ದುಗುಡವನ್ನು ಕೇಳಿಸಿಕೊಳ್ಳುವ ಆಪ್ತಸಲಹೆಗಾರರು ಕುಳಿತಿರುತ್ತಾರೆ. ಭಕ್ತರು ಹಲವರು ನಮ್ಮಲ್ಲಿಗೆ ಬಂದು, “ಬುದ್ಧೀ, ಇಂತಹ ಕಡೆಗೆ ಹೋಗಬಹುದೆ? ಇವರನ್ನು ನಂಬಬಹುದೆ?” ಎಂದು ಕೇಳುವುದುಂಟು. ಇದು ಕೇವಲ ವ್ಯವಹಾರದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆಯೂ ಹೌದು. ಹಲವು ಪದ್ಧತಿಯವರು ಕೂಡಿ ಒಬ್ಬ ರೋಗಿಯನ್ನು ನೋಡುವಾಗ ಅವರ ಕರ್ತವ್ಯವೇನು? ಹಲವು ಚಿಕಿತ್ಸೆಗಳನ್ನು ಕೂಡಿಸಿದ ಮಾತ್ರಕ್ಕೆ ಚಿಕಿತ್ಸೆಯು ಸಮಗ್ರವಾಗುವುದೇ? ಇವೆರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮೊದಲು ಇಂತಹ ಕೇಂದ್ರಗಳಿಗೆ ಜನರು ಏಕೆ ಹೋಗುತ್ತಾರೆಂಬುದನ್ನು ಸಹಾನುಭೂತಿಯಿಂದ ನೋಡಬೇಕು. ದೊಡ್ಡ ಆಸ್ಪತ್ರೆಯಲ್ಲಿ ಹೃದಯಕ್ಕೆ ಒಬ್ಬರು, ಮೂತ್ರಪಿಂಡಕ್ಕೆ ಒಬ್ಬರು, ಕಣ್ಣಿಗೆ ಇನ್ನೊಬ್ಬರು. ಅವಯವಗಳಿಗೆಲ್ಲ ವೈದ್ಯರಿದ್ದಾರೆ, ಮನುಷ್ಯನಿಗೆ ಮಾತ್ರ ಯಾರೂ ಇಲ್ಲವೆಂದು ರೋಗಿಗೆ ಅನಿಸುತ್ತದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು, ಸಮಾಜಜೀವನ ಈ ಮೂರರ ಕ್ಷೇಮವೆಂದು ನಿರೂಪಿಸಿತು. 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ಅವರು ರೋಗವನ್ನು ದೇಹದ ಕೆಡುಕೆಂದು ಮಾತ್ರ ಎಣಿಸುವ ವೈದ್ಯಶಾಸ್ತ್ರವು ಅಪೂರ್ಣವೆಂದು ವಾದಿಸಿದರು. ಅವಸರದ ಆಸ್ಪತ್ರೆಗಳಲ್ಲಿ ಈ ತತ್ತ್ವವು ಗ್ರಂಥದಲ್ಲಿಯೇ ಉಳಿದುಬಿಡುವುದುಂಟು. ಸಮಗ್ರ ಚಿಕಿತ್ಸಾಲಯದಲ್ಲಾದರೋ ಒಬ್ಬರು ಎದುರಿಗೆ ಕುಳಿತು, ಊಟವೇನು, ನಿದ್ರೆ ಹೇಗೆ, ಮನೆಯಲ್ಲಿ ಚಿಂತೆಯುಂಟೆ ಎಂದು ಸಾವಕಾಶವಾಗಿ ಕೇಳುತ್ತಾರೆ. ಕೇಳುವುದೇ ಅರ್ಧ ಉಪಶಮನ. ಈ ಗುಣವನ್ನು ಮೆಚ್ಚದಿರುವುದು ಅನ್ಯಾಯವಾಗುತ್ತದೆ.

ಪದ್ಧತಿಗಳ ಕೂಡುವಿಕೆಯು ನಮ್ಮ ನಾಡಿಗೆ ಹೊಸದಲ್ಲ. ಕನ್ನಡದಲ್ಲಿಯೇ ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದನು. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಆರಂಭವಾಯಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಚೋಪ್ರಾ ಸಮಿತಿಯು ದೇಶೀಯ ಹಾಗೂ ಪಾಶ್ಚಾತ್ಯ ವೈದ್ಯಗಳ ಸಮನ್ವಯವನ್ನು ಪ್ರತಿಪಾದಿಸಿತು. ಸಮನ್ವಯದಿಂದ ಲೋಕಕ್ಕೆ ಲಾಭವಾದ ಉದಾಹರಣೆಗಳೂ ಉಂಟು. ನಮ್ಮ ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ತಗ್ಗಿಸುತ್ತದೆಂಬುದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ರೋಗಿಗಳಲ್ಲಿ ಪರೀಕ್ಷಿಸಿ 1949ರಲ್ಲಿ ಪ್ರಕಟಿಸಿದರು. 1952ರಲ್ಲಿ ಅದರ ಸತ್ತ್ವವಾದ ರೆಸರ್ಪಿನ್ ಬೇರ್ಪಟ್ಟಿತು. ಚೀನಾದ ತು ಯೂಯೂ ಅವರು ಪುರಾತನ ಗ್ರಂಥವೊಂದರ ಸೂಚನೆಯನ್ನು ಹಿಡಿದು, 1970ರ ದಶಕದ ಆರಂಭದಲ್ಲಿ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಎಂಬ ಔಷಧವನ್ನು ಹೊರತೆಗೆದು 2015ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಬ್ಬರೂ ಪ್ರಾಚೀನವೆಂಬ ಕಾರಣಕ್ಕೆ ನಂಬಲಿಲ್ಲ, ಪ್ರಾಚೀನವೆಂಬ ಕಾರಣಕ್ಕೆ ತಳ್ಳಲೂ ಇಲ್ಲ. ಗೌರವದಿಂದ ಎತ್ತಿಕೊಂಡು ನಿಷ್ಠುರವಾಗಿ ಪರೀಕ್ಷಿಸಿದರು. ನಿಜವಾದ ಸಮನ್ವಯದ ಲಕ್ಷಣವಿದು.

ಈಗ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಐವತ್ತು ದಾಟಿದ ರೈತನೊಬ್ಬನಿಗೆ ಸಕ್ಕರೆ ಕಾಯಿಲೆ. ಕಾಲಿನಲ್ಲಿ ಮಾಯದ ಹುಣ್ಣು. ಅವನು ಇಂತಹ ಚಿಕಿತ್ಸಾಲಯಕ್ಕೆ ಬರುತ್ತಾನೆ. ಡಾಕ್ಟರು ರಕ್ತದ ಸಕ್ಕರೆಯನ್ನು ಇಳಿಸುವ ಮಾತ್ರೆ ಬರೆಯುತ್ತಾರೆ. ಪಕ್ಕದ ಕೋಣೆಯ ನಿಸರ್ಗ ಚಿಕಿತ್ಸಕರು ಮೂರು ದಿನ ಉಪವಾಸವಿರಲು ಹೇಳುತ್ತಾರೆ. ಆಯುರ್ವೇದದವರು ಸಕ್ಕರೆಗೆ ತಮ್ಮದೊಂದು ಕಷಾಯ ಕೊಡುತ್ತಾರೆ. ಹುಣ್ಣನ್ನು ತೊಳೆದು ಕಟ್ಟುವ ವಿಚಾರದಲ್ಲಿ ಮೂವರೂ ಉಳಿದಿಬ್ಬರು ನೋಡಿಕೊಂಡಿರಬಹುದೆಂದು ಸುಮ್ಮನಾಗುತ್ತಾರೆ. ಪ್ರತಿಯೊಬ್ಬರ ಸಲಹೆಯೂ ಅವರವರ ಶಾಸ್ತ್ರಕ್ಕೆ ಒಪ್ಪುವಂತಹುದೇ ಇರಬಹುದು. ಆದರೆ ಮಾತ್ರೆಯನ್ನು ನುಂಗಿ ಊಟವನ್ನು ಬಿಟ್ಟ ಆ ರೈತನ ರಕ್ತದಲ್ಲಿ ಸಕ್ಕರೆಯು ಮಿತಿಮೀರಿ ಇಳಿದು, ಬೆವತು, ನಡುಗಿ, ಎಚ್ಚರ ತಪ್ಪಿ ಬಿದ್ದರೆ ಹೊಣೆ ಯಾರದು? ಅತ್ತ ಹುಣ್ಣು ಕೊಳೆತು ಕಾಲನ್ನೇ ಕತ್ತರಿಸಬೇಕಾದರೆ ಹೊಣೆ ಯಾರದು? ಎಲ್ಲರ ರೋಗಿಯಾದವನು ಯಾರ ರೋಗಿಯೂ ಅಲ್ಲದೆ ಹೋದನು. ಒಬ್ಬೊಬ್ಬರೂ ಸರಿಯಾಗಿದ್ದು ಎಲ್ಲರೂ ಕೂಡಿ ತಪ್ಪಾಗುವುದು ಸಾಧ್ಯವೆಂಬುದನ್ನು ಈ ದೃಷ್ಟಾಂತವು ತೋರಿಸುತ್ತದೆ.

ಆದುದರಿಂದ ಇಂತಹ ವೈದ್ಯರ ಪ್ರಥಮ ಕರ್ತವ್ಯವು ಪರಸ್ಪರ ಮಾತನಾಡುವುದು. ಒಬ್ಬ ರೋಗಿಗೆ ಒಬ್ಬರು ಹೊಣೆಗಾರರಾಗಿ ನಿಲ್ಲುವುದು. ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದೆ. ನಾಲ್ಕು ಪಾದಗಳು ನಾಲ್ಕು ದಿಕ್ಕಿಗೆ ನಡೆದರೆ ಗತಿಯುಂಟೆ? ಅದೇ ಗ್ರಂಥವು ವೈದ್ಯರು ತಮ್ಮೊಳಗೆ ನಡೆಸುವ ಸಂಭಾಷೆಯಲ್ಲಿ ಎರಡು ಬಗೆಯನ್ನು ಎಣಿಸಿದೆ. ಒಂದು ಸ್ನೇಹದಿಂದ ತಿಳಿವಿಗಾಗಿ ನಡೆಸುವ ಸಂಧಾಯ ಸಂಭಾಷೆ. ಇನ್ನೊಂದು ಗೆಲ್ಲುವುದಕ್ಕಾಗಿ ನಡೆಸುವ ವಿಗೃಹ್ಯ ಸಂಭಾಷೆ. ಸಮಗ್ರ ಚಿಕಿತ್ಸಾಲಯಕ್ಕೆ ಬೇಕಾದುದು ಮೊದಲನೆಯದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಮೊದಲರ್ಧವನ್ನು ರೋಗಿಗೆ ಬೋಧಿಸುವವರು ಎರಡನೆಯ ಅರ್ಧವನ್ನು ತಾವು ಆಚರಿಸಬೇಕು. ಜಗಳವಾದೀತೆಂದು ಮೌನವಾಗಿರುವುದು ಸೌಜನ್ಯವಲ್ಲ. ಸಹೋದ್ಯೋಗಿಯ ಸಲಹೆಯು ರೋಗಿಗೆ ಅಪಾಯವೆಂದು ತಿಳಿದೂ ಬಾಯಿ ಮುಚ್ಚಿಕೊಂಡಿರುವುದು ಅಧರ್ಮ.

ಇಲ್ಲಿ ಒಂದು ಆಕರ್ಷಕವಾದ ಭ್ರಾಂತಿಯನ್ನು ನಿವಾರಿಸಬೇಕಾಗಿದೆ. “ದೇವನೊಬ್ಬ, ನಾಮ ಹಲವು, ಹಾಗೆಯೇ ಆರೋಗ್ಯವೊಂದು, ದಾರಿ ಹಲವು. ಎಲ್ಲ ಪದ್ಧತಿಯೂ ಸಮಾನ” ಎಂದು ಕೆಲವರು ಹೇಳುತ್ತಾರೆ. ಕೇಳುವುದಕ್ಕೆ ಮಧುರವಾದ ಮಾತು. ಆದರೆ ಉಪಾಸನೆಯ ನ್ಯಾಯವನ್ನು ಔಷಧಕ್ಕೆ ಅನ್ವಯಿಸಲಾಗದು. ಉಪಾಸನೆಯಲ್ಲಿ ಭಾವವೇ ಪ್ರಧಾನ. ಕೀವು ತುಂಬಿದ ಕರುಳಿಗಾಗಲಿ, ಬೆಳೆಯುತ್ತಿರುವ ಗಡ್ಡೆಗಾಗಲಿ ನಮ್ಮ ಭಾವದ ಹಂಗಿಲ್ಲ. ಅಲ್ಲಿ ಕೊಟ್ಟ ಚಿಕಿತ್ಸೆ ಫಲಿಸುತ್ತದೆ, ಇಲ್ಲವೆ ಫಲಿಸುವುದಿಲ್ಲ. ಎಲ್ಲವೂ ಸರಿಯೆಂದು ಅಡ್ಡಗೋಡೆಯ ಮೇಲೆ ದೀಪವಿಡುವವನು ಉದಾರಿಯಲ್ಲ. ವಿವೇಚನೆಯ ಶ್ರಮವನ್ನು ತಪ್ಪಿಸಿಕೊಂಡವನು.

ಈ ಮಾತಿಗೆ ಕಹಿಯಾದ ಪ್ರಮಾಣಗಳಿವೆ. ಹರಡದಿರುವ ಹಂತದಲ್ಲಿದ್ದ ಕ್ಯಾನ್ಸರ್ ರೋಗಿಗಳನ್ನು ಕುರಿತು ಅಮೆರಿಕದ ಸಂಶೋಧಕರು 2018ರಲ್ಲಿ ಎರಡು ಅಧ್ಯಯನಗಳನ್ನು ಪ್ರಕಟಿಸಿದರು. ರೂಢಿಯ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ಚಿಕಿತ್ಸೆಯನ್ನೇ ನಂಬಿದ 281 ಜನರಲ್ಲಿ ಸಾವಿನ ಸಂಭವವು ಉಳಿದವರಿಗಿಂತ ಎರಡೂವರೆ ಪಟ್ಟು ಇತ್ತು. ಸ್ತನದ ಕ್ಯಾನ್ಸರಿನಲ್ಲಂತೂ ಐದು ಪಟ್ಟಿಗಿಂತ ಹೆಚ್ಚು. ಎರಡನ್ನೂ ಬೆರೆಸಿ ಪಡೆದವರಲ್ಲಿಯೂ ಸಾವಿನ ಸಂಭವವು ಸುಮಾರು ಇಮ್ಮಡಿಯಾಗಿತ್ತು. ಕಾರಣವನ್ನು ಶೋಧಿಸಿದಾಗ ತಿಳಿದುಬಂದುದೇನೆಂದರೆ, ಪೂರಕ ಚಿಕಿತ್ಸೆಯನ್ನು ಹಿಡಿದವರಲ್ಲಿ ಹಲವರು ಶಸ್ತ್ರಕ್ರಿಯೆಯನ್ನೋ ವಿಕಿರಣವನ್ನೋ ಔಷಧವನ್ನೋ ನಿರಾಕರಿಸಿದ್ದರು. ಪೂರಕವಾಗಿ ಬಂದುದು ಮಾರಕವಾದದ್ದು ಹೀಗೆ. ಅಂತೆಯೇ 2004ರಲ್ಲಿ ಬಾಸ್ಟನ್ ನಗರದ ಸುತ್ತಿನ ಅಂಗಡಿಗಳಿಂದ ಕೊಂಡ, ನಮ್ಮ ಭಾಗದ ದೇಶಗಳಲ್ಲಿ ತಯಾರಾದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶವಿತ್ತು. ಇದನ್ನು ಆಯುರ್ವೇದದ ನಿಂದೆಗಾಗಿ ಹೇಳುತ್ತಿಲ್ಲ. ಆಯುರ್ವೇದವನ್ನು ಪ್ರೀತಿಸುವವರೇ ಅದರ ಶುದ್ಧಿಗಾಗಿ ಎಲ್ಲರಿಗಿಂತ ಮುಂದಾಗಿ ನಿಲ್ಲಬೇಕೆಂಬುದು ನಮ್ಮ ಆಶಯ.

ಎರಡನೆಯ ಕರ್ತವ್ಯವು ತನ್ನ ಎಲ್ಲೆಯನ್ನು ತಿಳಿಯುವುದು. 1996ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಹೋಮಿಯೋಪಥಿಯಲ್ಲಿ ಅರ್ಹತೆ ಪಡೆದವನು ತಾನು ಕಲಿಯದ ಅಲೋಪಥಿಯ ಔಷಧಗಳನ್ನು ಕೊಟ್ಟುದು ನಿರ್ಲಕ್ಷ್ಯವೆಂದು ತೀರ್ಪಿತ್ತಿತು. ಆ ಪ್ರಕರಣದಲ್ಲಿ ರೋಗಿಯು ಮೃತನಾಗಿದ್ದನು. ಕಾನೂನು ಹೇಳಿದ ಈ ಮಾತು ನಮ್ಮ ಶಾಸ್ತ್ರಕ್ಕೂ ಹೊಸದಲ್ಲ. ಚರಕನು ವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಂಗಡಿಸಿ, ಇವುಗಳ ವಿವೇಕವನ್ನು ವೈದ್ಯನಿಗೆ ಕಡ್ಡಾಯ ಮಾಡಿದನು. “ಇದು ನನ್ನಿಂದ ಆಗದು, ಇಂತಹವರಲ್ಲಿಗೆ ಹೋಗು” ಎನ್ನುವ ವೈದ್ಯನ ಕೀರ್ತಿ ಕುಂದುವುದಿಲ್ಲ. ಹಲವು ವೈದ್ಯರು ಒಟ್ಟಿಗಿರುವುದರ ಸಾರ್ಥಕ್ಯವೇ ಅದು; ಕಳುಹಿಸಬೇಕಾದ ಕಡೆ ನಾಲ್ಕು ಹೆಜ್ಜೆಯ ದೂರದಲ್ಲಿಯೇ ಇರುತ್ತದೆ.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವುಂಟು. ದೊಡ್ಡ ಆಸ್ಪತ್ರೆಯವರು ಇನ್ನೇನೂ ಉಳಿದಿಲ್ಲವೆಂದು ಕಳುಹಿಸಿದ ರೋಗಿಯು ಸಮಗ್ರ ಚಿಕಿತ್ಸಾಲಯದ ಬಾಗಿಲಿಗೆ ಬರುತ್ತಾನೆ. ಅವನಿಗೂ ಸತ್ಯವನ್ನೇ ಹೇಳಿ, ಉಳಿದ ಒಂದು ಆಸೆಯನ್ನೂ ಕಿತ್ತುಕೊಳ್ಳಬೇಕೆ? ಕರುಣೆಗಿಂತ ಸತ್ಯವು ದೊಡ್ಡದೇ? ಈ ಪ್ರಶ್ನೆ ನಮ್ಮನ್ನು ಬಹಳ ಕಾಲ ಕಾಡಿದೆ. ನಮಗೆ ತೋರುವುದಿಷ್ಟು: ಗುಣವಾಗುವ ಆಸೆ ಬೇರೆ, ಕೈಬಿಡದಿರುವ ಭರವಸೆ ಬೇರೆ. ಮೊದಲನೆಯದನ್ನು ಸುಳ್ಳಾಗಿ ಕೊಡುವ ಅಧಿಕಾರ ಯಾವ ವೈದ್ಯನಿಗೂ ಇಲ್ಲ. ಆ ಸುಳ್ಳಿಗಾಗಿ ಹೊಲ ಮಾರಿದ ಕುಟುಂಬಗಳಿವೆ. ಎರಡನೆಯದನ್ನು ಕೊಡುವ ಅಧಿಕಾರ ಎಲ್ಲರಿಗೂ ಉಂಟು. ನೋವನ್ನು ತಗ್ಗಿಸುವುದು, ನಿದ್ರೆ ಬರಿಸುವುದು, ಉಸಿರಾಟವನ್ನು ಹಗುರಗೊಳಿಸುವುದು, ಮಕ್ಕಳೊಡನೆ ಮಾತನಾಡುವಷ್ಟು ಚೈತನ್ಯ ಉಳಿಸುವುದು ಇವೆಲ್ಲ ಚಿಕಿತ್ಸೆಯೇ. ರೋಗವು ಗುಣವಾಗದಿದ್ದರೂ ರೋಗಿಯನ್ನು ಉಪಚರಿಸಬಹುದು. ಡಾಕ್ಟರರ ನೋವುಶಾಮಕವೂ, ಯೋಗದವರ ಉಸಿರಿನ ಅಭ್ಯಾಸವೂ, ದಾದಿಯ ಮೃದುವಾದ ಕೈಯೂ ನಿಜವಾಗಿ ಒಂದಾಗುವ ಸ್ಥಳವು ಇದು. ಸತ್ಯ ಹಾಗೂ ಕರುಣೆಗಳು ಪರಸ್ಪರ ವೈರಿಗಳೆಂದು ತಿಳಿದವನು ಎರಡನ್ನೂ ಅರಿತವನಲ್ಲ.

ಮೂರನೆಯದು ಅರ್ಥಶುದ್ಧಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ನಾಲ್ವರು ವೈದ್ಯರಿದ್ದಾರೆಂಬ ಕಾರಣಕ್ಕೆ ರೋಗಿಯನ್ನು ನಾಲ್ಕು ಕೋಣೆಗೂ ಅಲೆಸುವುದು, ಬೇಡದ ಪರೀಕ್ಷೆ, ಬೇಡದ ಅಭ್ಯಂಗ, ಬೇಡದ ಚೂರ್ಣಗಳನ್ನು ಪಟ್ಟಿಗೆ ಸೇರಿಸುವುದು ಹೆಚ್ಚಿನ ಅಕ್ಕಿಯನ್ನು ಮನೆಗೆ ತಂದಂತೆ. ಒಬ್ಬ ವೈದ್ಯನು, “ನಿನಗೆ ನನ್ನ ಚಿಕಿತ್ಸೆಯ ಅವಶ್ಯಕತೆಯಿಲ್ಲ” ಎಂದು ಹೇಳಬಲ್ಲನಾದರೆ ಆ ಚಿಕಿತ್ಸಾಲಯದಲ್ಲಿ ಕಾಯಕವು ನಡೆಯುತ್ತಿದೆಯೆಂದು ತಿಳಿಯಬಹುದು.

ಇಷ್ಟನ್ನು ವೈದ್ಯರಿಗೆ ಹೇಳಿ ನಮ್ಮವರನ್ನು ಬಿಟ್ಟರೆ ಪಕ್ಷಪಾತವಾದೀತು. ಮಠಕ್ಕೂ ರೋಗಿಗಳು ಬರುತ್ತಾರೆ. ವಿಭೂತಿ, ಪಾದೋದಕ, ಪ್ರಸಾದಗಳು ಅಷ್ಟಾವರಣಗಳಲ್ಲಿ ಸೇರಿದವು. ಅವು ಭಕ್ತನ ಭಾವವನ್ನು ಶುದ್ಧಗೊಳಿಸಿ ಧೈರ್ಯವನ್ನು ಕೊಡುತ್ತವೆ. ಅವುಗಳನ್ನು ಮಾತ್ರೆಯ ಬದಲಿಗೆ ಕೊಡುವುದು ಮಾತ್ರೆಗೂ ಅಪಚಾರ, ಅಷ್ಟಾವರಣಕ್ಕೂ ಅಪಚಾರ. ಔಷಧವನ್ನು ನಿಲ್ಲಿಸೆಂದು ಹೇಳುವ ಅಧಿಕಾರವು ಯಾವ ಕಾವಿಗೂ ಇಲ್ಲ.

ಭಕ್ತರಿಗೂ ಒಂದು ಕರ್ತವ್ಯವುಂಟು. ಏನೇನನ್ನು ಸೇವಿಸುತ್ತೀರೆಂಬುದನ್ನು ಪ್ರತಿಯೊಬ್ಬ ವೈದ್ಯರಿಗೂ ಮುಚ್ಚುಮರೆಯಿಲ್ಲದೆ ತಿಳಿಸಿರಿ. ಕೆಮ್ಮಿಗೆಂದು ನಿತ್ಯವೂ ಸೇವಿಸುವ ಜ್ಯೇಷ್ಠಮಧುವು ಅತಿಯಾದರೆ ರಕ್ತದೊತ್ತಡವನ್ನು ಏರಿಸಿ, ರಕ್ತದ ಪೊಟ್ಯಾಸಿಯಮ್ ಅಂಶವನ್ನು ಇಳಿಸಬಲ್ಲದು. ಮೂತ್ರವನ್ನು ಹೆಚ್ಚಿಸುವ ಕೆಲವು ಮಾತ್ರೆಗಳು ಜೊತೆಗೂಡಿದರೆ ಹೃದಯದ ಲಯಕ್ಕೇ ತೊಂದರೆಯಾದೀತು. ಬೇರು, ಎಲೆ, ನಾರು ಎಂದ ಮಾತ್ರಕ್ಕೆ ನಿರಪಾಯವಲ್ಲ. ಗುಣ ಮಾಡುವ ಶಕ್ತಿಯುಳ್ಳದ್ದಕ್ಕೆ ಕೆಡಿಸುವ ಶಕ್ತಿಯೂ ಇರುತ್ತದೆ. ಡಾಕ್ಟರು ಬೈದಾರೆಂದು ಕಷಾಯವನ್ನು ಮರೆಮಾಚುವುದೂ, ಪಂಡಿತರು ನೊಂದಾರೆಂದು ಮಾತ್ರೆಯನ್ನು ಮರೆಮಾಚುವುದೂ ತಮಗೆ ತಾವೇ ಮಾಡಿಕೊಳ್ಳುವ ಕೇಡು.

ಒಟ್ಟಿನಲ್ಲಿ, ಸಮಗ್ರತೆಯು ಫಲಕದಲ್ಲಿಲ್ಲ, ಪದ್ಧತಿಗಳ ಸಂಖ್ಯೆಯಲ್ಲಿಯೂ ಇಲ್ಲ. ಹಲವು ಬಣ್ಣಗಳನ್ನು ಕಲಸಿದರೆ ಚಿತ್ರವಾಗುವುದಿಲ್ಲ. ಯಾವ ಬಣ್ಣವು ಎಲ್ಲಿಗೆಂಬುದನ್ನು ಬಲ್ಲ ಕೈ ಬೇಕು. ಎದುರಿಗೆ ಕುಳಿತವನನ್ನು ಇಡಿಯಾಗಿ ಕಾಣುವ ಕಣ್ಣು, ಫಲವನ್ನು ಪರೀಕ್ಷಿಸುವ ಪ್ರಾಮಾಣಿಕತೆ, ಎಲ್ಲೆಯನ್ನು ಒಪ್ಪುವ ವಿನಯ, ಹೊಣೆಯನ್ನು ಹೊರುವ ಧೈರ್ಯ ಇವು ಇದ್ದಲ್ಲಿ ಒಬ್ಬನೇ ಹಳ್ಳಿಯ ಡಾಕ್ಟರನಿದ್ದರೂ ಚಿಕಿತ್ಸೆಯು ಸಮಗ್ರವೇ. ಇವು ಇಲ್ಲದಲ್ಲಿ ಹತ್ತು ಕೋಣೆಗಳಿದ್ದರೂ ಅದು ಅಂಗಡಿ ಸಾಲು. ಚಿಕಿತ್ಸಾಲಯಕ್ಕೆ ಹೋಗಬಹುದೆ ಎಂದು ಕೇಳುವ ಭಕ್ತರಿಗೆ ನಾವು ಹೇಳುವುದಿಷ್ಟೆ: ಹೋಗಿರಿ; ಹೋಗಿ, “ನನ್ನ ಹೊಣೆ ನಿಮ್ಮಲ್ಲಿ ಯಾರದು?” ಎಂದು ವಿನಯದಿಂದ ಕೇಳಿರಿ. ನೆಟ್ಟಗೆ ಉತ್ತರ ಬಂದರೆ ಕುಳಿತುಕೊಳ್ಳಿರಿ. ವೈದ್ಯರ ಕಾಯಕವು ಶುದ್ಧವಾಗಲಿ, ರೋಗಿಗಳ ಅಂಗವು ಲಿಂಗಕ್ಕೆ ನೆಲೆಯಾಗಿ ಉಳಿಯಲಿ ಎಂದು ಹಾರೈಸುತ್ತೇವೆ.