ದಾನಿಯನ್ನು ಮೀರಿದ ದತ್ತಿ

ಲಂಡನ್ನಿನ ವೈದ್ಯ ಜಾನ್ ವುಡ್‌ವರ್ಡ್ ಬದುಕಿನುದ್ದಕ್ಕೂ ಕಲ್ಲು, ಅದಿರು, ಪಳೆಯುಳಿಕೆಗಳನ್ನು ಕೂಡಿಟ್ಟ. ಒಂದೊಂದು ಚೂರಿಗೂ ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಬರೆದಿಟ್ಟ. 1728ರಲ್ಲಿ ತೀರಿಕೊಂಡಾಗ ಅವನ ಉಯಿಲು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೀಗೆ ಹೇಳಿತ್ತು: ನನ್ನ ಆಸ್ತಿ ಮಾರಿ ಜಮೀನು ಕೊಳ್ಳಿ, ಅದರ ಹುಟ್ಟುವಳಿಯಲ್ಲಿ ವರ್ಷಕ್ಕೆ 100 ಪೌಂಡ್ ಸಂಬಳ ಕೊಟ್ಟು ಒಬ್ಬ ಉಪನ್ಯಾಸಕನನ್ನು ನೇಮಿಸಿ.

ಷರತ್ತುಗಳು ಬಿಗಿಯಾಗಿದ್ದವು. ಉಪನ್ಯಾಸಕ ಮದುವೆಯಾಗಕೂಡದು, ಸಂಸಾರದ ಚಿಂತೆ ಓದಿಗೆ ಅಡ್ಡ ಬಂದೀತು. ಉಪನ್ಯಾಸದ ವಿಷಯ ವುಡ್‌ವರ್ಡ್ ಬರೆದ ಪುಸ್ತಕಗಳಲ್ಲಿ ಇರುವಂಥದ್ದೇ ಆಗಬೇಕು. ಆ ಪುಸ್ತಕಗಳ ಪ್ರಕಾರ ಪಳೆಯುಳಿಕೆಗಳೆಲ್ಲ ಬೈಬಲ್ಲಿನ ನೋಹನ ಕಾಲದ ಮಹಾಪ್ರಳಯದ ಗುರುತುಗಳು. ಇಂಥ ಕಟ್ಟುಪಾಡು ವಿದ್ಯೆಗೆ ಒಳ್ಳೆಯದಲ್ಲ. ಭೂಕಂಪದ ಬಗ್ಗೆ 1760ರಲ್ಲೇ ಗಂಭೀರವಾಗಿ ಬರೆದ ಜಾನ್ ಮಿಚೆಲ್ ಈ ಪೀಠಕ್ಕೆ ಬಂದ. ಎರಡೇ ವರ್ಷದಲ್ಲಿ, 1764ರಲ್ಲಿ, ಮದುವೆಯಾಗಿ ಬಿಟ್ಟುಹೋದ.

1818ರಲ್ಲಿ ಆಡಂ ಸೆಜ್‌ವಿಕ್ ಬಂದ. ಆಗ ಅವನಿಗೆ ಭೂವಿಜ್ಞಾನ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಬೆಟ್ಟ ಹತ್ತಿ, ಸುತ್ತಿಗೆ ಹಿಡಿದು ಕಲಿತ. ವೇಲ್ಸ್‌ನ ಪುರಾತನ ಶಿಲಾಪದರಗಳಿಗೆ ಕೇಂಬ್ರಿಯನ್ ಎಂಬ ಹೆಸರು ಕೊಟ್ಟ. 1831ರ ಆಗಸ್ಟ್‌ನಲ್ಲಿ ಚಾರ್ಲ್ಸ್ ಡಾರ್ವಿನ್ ಎಂಬ ತರುಣನನ್ನು ವೇಲ್ಸ್‌ಗೆ ಕರೆದೊಯ್ದು ಬಂಡೆಗಳನ್ನು ಓದಲು ಹೇಳಿಕೊಟ್ಟ. ಅದೇ ಡಿಸೆಂಬರ್‌ನಲ್ಲಿ ಡಾರ್ವಿನ್ ಬೀಗಲ್ ಹಡಗು ಹತ್ತಿದ. ಅದೇ ವರ್ಷ ಲಂಡನ್ನಿನ ಭೂವಿಜ್ಞಾನ ಸಂಘದ ಅಧ್ಯಕ್ಷನಾಗಿ ನಿಂತು, ಜಲ್ಲಿಯ ಹಾಸುಗಳನ್ನೆಲ್ಲ ಒಂದೇ ಜಗತ್ಪ್ರಳಯ ಹರಡಿತು ಎಂಬ, ತಾನೂ ಒಪ್ಪಿದ್ದ ವಾದವನ್ನು ಸೆಜ್‌ವಿಕ್ ಬಹಿರಂಗವಾಗಿ ಕೈಬಿಟ್ಟ. ಪ್ರಳಯವನ್ನು ನಂಬಿದವನ ದುಡ್ಡಿನಿಂದ ನಿಂತ ಪೀಠದಲ್ಲಿ ಕೂತವನೇ ಹಾಗೆ ಹೇಳಿದ! ಇದು ಉಂಡ ಮನೆಗೆ ಎರಡು ಬಗೆದಂತೆ ಅಲ್ಲ. ಆ ದತ್ತಿಗೆ ಇದಕ್ಕಿಂತ ದೊಡ್ಡ ಸಾರ್ಥಕ್ಯ ನನಗೆ ಕಾಣುವುದಿಲ್ಲ. ಸೆಜ್‌ವಿಕ್ ಆ ಪೀಠದಲ್ಲಿ 55 ವರ್ಷ, ಸಾಯುವವರೆಗೂ ಇದ್ದ.

ಉಯಿಲಿನಲ್ಲಿ ನನಗೆ ಮೆಚ್ಚಾದ ಷರತ್ತು ಒಂದಿದೆ: ವಾರಕ್ಕೆ ಮೂರು ದಿನ ಉಪನ್ಯಾಸಕ ಕಲ್ಲುಗಳ ಬಳಿಯೇ ಇದ್ದು, ನೋಡಬಂದವರಿಗೆ ತೋರಿಸಬೇಕು. ಸುಮಾರು 10,000 ಮಾದರಿಗಳ ಆ ಸಂಗ್ರಹ ಇಂದಿಗೂ ವುಡ್‌ವರ್ಡ್‌ನ ವಾಲ್‌ನಟ್ ಮರದ ಕಪಾಟುಗಳಲ್ಲಿ, ಕೇಂಬ್ರಿಜ್‌ನ ಸೆಜ್‌ವಿಕ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮಲ್ಲಿ ದತ್ತಿ ಎಂದರೆ ಹೆಚ್ಚಾಗಿ ಚಿನ್ನದ ಪದಕ, ಇಲ್ಲವೇ ವರ್ಷಕ್ಕೊಂದು ಉಪನ್ಯಾಸ. ಭೂವಿಜ್ಞಾನ ವಿಭಾಗಕ್ಕೆ ಕೊಡಲು ಮನಸ್ಸಿರುವವರು ಶಿಲಾಮಾದರಿಗಳನ್ನು ಕಾಯುವವರ ಸಂಬಳಕ್ಕೆ, ವಿದ್ಯಾರ್ಥಿಗಳನ್ನು ಬಂಡೆಯ ಬಳಿಗೇ ಒಯ್ಯುವ ಬಸ್ಸಿನ ಖರ್ಚಿಗೆ ಹಣವಿಟ್ಟರೆ ಎಷ್ಟು ಚೆನ್ನ.